‘ಹೊರಕ್ ನಡಿ’ ಹಾಡಿನ ಮೊದಲ ನಾಲ್ಕು ಸಾಲು

ಏಳೆಂಟು ವರ್ಷದ ಹಿಂದಿನ ಮಾತು. ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಕೈಲಾಂಚದ ಕಡೆ ಹೋಗುವ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಕಾಲೇಜಿನ ಇಬ್ಬರು ಹುಡುಗಿಯರು ಫೋನಿನಲ್ಲಿ ಒಂದು ಹಾಡು ಹಾಕಿಕೊಂಡು ತಲೆ ಆಡಿಸುತ್ತಿದ್ದರು. ಹಾಡೆಂದರೆ ರಾಗದ ಹಾಡಲ್ಲ, ರ‍್ಯಾಪ್. ಉಸಿರು ಬಿಡದೆ ಬಡಬಡನೆ ಹೇಳಿಕೊಂಡು ಹೋಗುವಂಥದ್ದು. ‘ಹೊರಕ್ ನಡಿ, ಹೊರಕ್ ನಡಿ’ ಎಂದು ಫೋನು ಕೂಗುತ್ತಿತ್ತು.

“ಹಿಂದ್ಗಡೆ ಮಳೆ ಸೌಂಡ್ ಕೇಳುಸ್ಕೊಳೆ. ಬೆಟ್ಟದ ಮ್ಯಾಲೆ ನೆನ್ಕೊಂಡು ರೆಕಾರ್ಡ್ ಮಾಡವ್ನಂತೆ,” ಅಂದಳು ಒಬ್ಬಳು.

ಬಾಯಿ ಮುಚ್ಚಿಕೊಂಡು ಎರಡು ನಿಮಿಷ ನಿಂತಿದ್ದೆ. ನನ್ನ ಮಟ್ಟಿಗೆ ಅದು ಬಹಳವೇ ಆಯಿತು. ಆಮೇಲೆ ತಡೆಯಲಾಗದೆ, “ಅದು ಮಳೆ ಅಲ್ಲ ಕಣಮ್ಮ, ರೇಷ್ಮೆ ಹುಳ ಸೊಪ್ಪು ತಿನ್ನೋ ಸದ್ದು,” ಅಂದೆ. ಇಬ್ಬರೂ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಒಂದು ಹೆಜ್ಜೆ ಆಚೆ ಸರಿದು ನಿಂತರು. ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ. ಹೇಳಿದ್ದರೂ ಅವರು ನಂಬುತ್ತಿರಲಿಲ್ಲ. ಆ ಹಾಡಿನ ಮೊದಲ ನಾಲ್ಕು ಸಾಲು ನನ್ನವು.

ಹಾಡಿದವನು ನನ್ನ ಮೈದುನ. ಮುಖಕ್ಕೆ ಟವೆಲ್ ಸುತ್ತಿಕೊಂಡು, ಸುಳ್ಳು ಹೆಸರು ಇಟ್ಟುಕೊಂಡು, ಮೂರು ವರ್ಷದಲ್ಲಿ ಹತ್ತು ರ‍್ಯಾಪ್ ಹಾಡು ಮಾಡಿದ. ಅವನು ಯಾರೆಂದು ರಾಮನಗರದಲ್ಲಾಗಲಿ ಚನ್ನಪಟ್ಟಣದಲ್ಲಾಗಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮಾವನವರಿಗೂ ಗೊತ್ತಿರಲಿಲ್ಲ. ಮಗ ಹುಳುಮನೆಯಲ್ಲಿ ಅತ್ತಿಗೆಗೆ ಸಹಾಯ ಮಾಡುತ್ತಾನೆ, ಬುದ್ಧಿ ಬಂತು ಎಂದುಕೊಂಡು ಸಂತೋಷವಾಗಿದ್ದರು. ಸಹಾಯವನ್ನೂ ಮಾಡುತ್ತಿದ್ದ, ಸುಳ್ಳು ಹೇಳಬಾರದು.

ನಾನು ಮಾಗಡಿ ತಾಲ್ಲೂಕಿನ ಕುದೂರಿನವಳು. ಬಿ.ಎ. ಮುಗಿಸಿ ಮದುವೆಯಾಗಿ ಕೈಲಾಂಚ ಹೋಬಳಿಯ ಈ ಹಳ್ಳಿಗೆ ಬರುವವರೆಗೆ ರೇಷ್ಮೆ ಹುಳವನ್ನು ಹತ್ತಿರದಿಂದ ನೋಡಿದವಳೇ ಅಲ್ಲ. ನಮ್ಮ ತವರಿನಲ್ಲಿ ರಾಗಿ, ಅವರೆ, ಎರಡು ಎಮ್ಮೆ, ಅಷ್ಟೆ. ಮೊದಲ ವಾರ ಹುಳು ಮುಟ್ಟಲು ಹೇಸಿಗೆಪಟ್ಟು ಅತ್ತಿದ್ದೇನೆ. ಎರಡೇ ವರ್ಷಕ್ಕೆ ಹುಳುಮನೆಯ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ನಾನು ಒಳಗಿದ್ದರೆ ನಮ್ಮ ಯಜಮಾನರೂ ಕೇಳಿಕೊಂಡೇ ಒಳಗೆ ಬರಬೇಕು.

ಹುಳುಮನೆಗೆ ನನ್ನದೇ ಕಾನೂನು. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನ ತೊಟ್ಟಿ ಇದೆ, ಅದರಲ್ಲಿ ಕಾಲು ಅದ್ದಬೇಕು. ಕೈ ತೊಳೆಯಬೇಕು. ಬೀಡಿ ಸೇದಿದವನು, ಹೊಗೆಸೊಪ್ಪು ಹಾಕಿದವನು ಬರಕೂಡದು. ಊದುಬತ್ತಿ, ಸೊಳ್ಳೆ ಬತ್ತಿ, ಸೆಂಟು ಯಾವುದೂ ಕೂಡದು. ಹುಳು ಬಲು ಸೂಕ್ಷ್ಮ. ಒಂದು ವಾಸನೆಗೆ ಒಂದು ಬೆಳೆಯೇ ಹೋಗಿಬಿಡಬಹುದು. ಇದನ್ನು ಹೇಳಿಕೊಟ್ಟವರು ನಮ್ಮ ಅತ್ತೆ. ಆದರೆ ಅವರು ಮೆಲ್ಲಗೆ ಹೇಳುತ್ತಿದ್ದರು, ನಾನು ಕೂಗಿ ಹೇಳುತ್ತೇನೆ. ಕುದೂರಿನ ಬಾಯಿ ಎಂದು ಊರವರು ನಗುತ್ತಾರೆ, ನಗಲಿ.

ಮೈದುನ ಆಗ ಚನ್ನಪಟ್ಟಣದಲ್ಲಿ ಬಿ.ಕಾಂ. ಮುಗಿಸಿ ಗೂಡ್ಸ್ ಆಟೋ ಓಡಿಸುತ್ತಿದ್ದ. ರೇಷ್ಮೆ ಗೂಡಿನ ಮೂಟೆ ಹೊತ್ತು ಮಾರ್ಕೆಟ್ಟಿಗೆ ಹೋಗುವುದು, ಬರುವಾಗ ಸಿಮೆಂಟೋ ಹಿಂಡಿಯೋ ತರುವುದು. ದಾರಿಯುದ್ದಕ್ಕೂ ಒಬ್ಬನೇ ಗೊಣಗಿಕೊಳ್ಳುತ್ತಾನೆ ಎಂದು ಯಾರೋ ಬಂದು ಹೇಳಿದರು. ಪ್ರೇತಬಾಧೆ ಇರಬಹುದೆಂದು ಅತ್ತೆ ತಾಯತ ಕಟ್ಟಿಸಿದರು. ಅದು ಪ್ರಾಸ ಕಟ್ಟುವ ಗೊಣಗಾಟವೆಂದು ನನಗೆ ಗೊತ್ತಾಗಿದ್ದು ಒಂದು ದಿನ ಅವನ ಶರ್ಟು ಒಗೆಯಲು ತೆಗೆದುಕೊಂಡಾಗ. ಜೇಬಿನಲ್ಲಿ ಡೀಸೆಲ್ ಚೀಟಿಗಳು, ಅವುಗಳ ಹಿಂದೆಲ್ಲ ಸಾಲು ಸಾಲು ಬರಹ. ಓದಿ ನಕ್ಕೆ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು.

“ಅತ್ಗೆ, ಯಾರ್‌ಗೂ ಹೇಳ್ಬ್ಯಾಡ,” ಅಂದ. ಹೇಳಲಿಲ್ಲ. ಅಷ್ಟಕ್ಕೇ ಸಲುಗೆ ಬೆಳೆದು, ಮುಂದಿನ ವಾರ ಹುಳುಮನೆಯ ಬೀಗದ ಕೈ ಕೇಳಿಕೊಂಡು ಬಂದ.

ಕಾರಣ ಇತ್ತು. ಮನೆಯೊಳಗೆ ರೆಕಾರ್ಡ್ ಮಾಡೋಣವೆಂದರೆ ಕುಕ್ಕರಿನ ಸೀಟಿ, ಟಿ.ವಿ., ಮಾವನವರ ಕೆಮ್ಮು. ಹೊರಗೆ ನಾಯಿ, ಟ್ರ್ಯಾಕ್ಟರ್, ದೇವಸ್ಥಾನದ ಮೈಕು. ಹುಳುಮನೆಯಾದರೋ ತೋಟದ ಮಧ್ಯೆ ಇದೆ. ಕಿಟಕಿಗೆಲ್ಲ ಒದ್ದೆ ಗೋಣಿಚೀಲ, ಗೋಡೆಗೆ ಒರಗಿಸಿದ ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳು. ಅಲ್ಲಿ ಮಾತಾಡಿದರೆ ಮಾತು ಗುಂಯ್‌ಗುಡುವುದಿಲ್ಲ, ನೇರವಾಗಿ ಕೇಳುತ್ತದೆ. ಬೆಂಗಳೂರಿನವರು ಇದಕ್ಕಾಗಿಯೇ ಗೋಡೆಗೆ ಸ್ಪಂಜು ಹೊಡೆಸುತ್ತಾರಂತೆ.

“ಸ್ನಾನ ಮಾಡ್ಕೊಂಡ್ ಬಂದ್ರೆ ಬಿಡ್ತೀನಿ. ಒಳಗೆ ಕುಣಿಯಂಗಿಲ್ಲ, ಕೈಕಾಲು ಬೀಸಂಗಿಲ್ಲ,” ಅಂದೆ.

“ರ‍್ಯಾಪಲ್ಲಿ ಕೈ ಆಡುಸ್ದೆ ಆಯ್ತದಾ ಅತ್ಗೆ?”

“ಹಂಗಾರೆ ಹೋಗು.”

ಕೈ ಕಟ್ಟಿಕೊಂಡೇ ಹೇಳುತ್ತೇನೆಂದು ಒಪ್ಪಿಕೊಂಡ. ಸ್ಕೂಲಿನಲ್ಲಿ ಪದ್ಯ ಒಪ್ಪಿಸುವ ಹಾಗೆ ಕೈ ಕಟ್ಟಿ ನಿಂತು ರ‍್ಯಾಪ್ ಮಾಡಿದವನು ಜಗತ್ತಿನಲ್ಲಿ ಅವನೊಬ್ಬನೇ ಇರಬೇಕು.

ಮೊದಲ ಪ್ರಯತ್ನವೇ ಹಾಳಾಯಿತು. ಹುಳು ಐದನೇ ಹಂತದಲ್ಲಿದ್ದವು. ಆ ವಾರದಲ್ಲಿ ಅವು ಹಗಲಿಲ್ಲ ಇರುಳಿಲ್ಲ ತಿನ್ನುತ್ತವೆ, ಸಾವಿರಾರು ಬಾಯಿ ಒಟ್ಟಿಗೆ. ಜಡಿಮಳೆ ಹಿಡಿದ ಹಾಗೆ ಸದ್ದು. ಫೋನಿನಲ್ಲಿ ಹಾಕಿ ಕೇಳಿದರೆ ಅವನ ಧ್ವನಿ ಎಲ್ಲೋ ದೂರದಿಂದ ಬರುತ್ತಿತ್ತು. ಮುಖ ಸಪ್ಪೆ ಮಾಡಿಕೊಂಡ. ನನಗೆ ಪಾಪ ಅನ್ನಿಸಿತು.

“ಜ್ವರ ಬರ್ಲಿ ತಡಿ,” ಅಂದೆ.

ಹುಳುಗಳ ಜ್ವರವೆಂದರೆ ಕಾಯಿಲೆಯಲ್ಲ. ಅವು ಪೊರೆ ಬಿಡುವ ಮುಂಚೆ ತಿನ್ನುವುದನ್ನು ಬಿಟ್ಟು ತಲೆ ಎತ್ತಿಕೊಂಡು ಅಲುಗಾಡದೆ ಕೂತುಬಿಡುತ್ತವೆ. ಅದಕ್ಕೆ ನಾವು ಜ್ವರವೆನ್ನುತ್ತೇವೆ. ಒಟ್ಟು ನಾಲ್ಕು ಜ್ವರ. ನಾವು ಎರಡು ಜ್ವರ ಕಳೆದ ಮರಿಗಳನ್ನು ತಂದು ಸಾಕುವುದರಿಂದ ನಮ್ಮ ಮನೆಗೆ ಸಿಗುವುದು ಮೂರನೆಯದು ಮತ್ತು ನಾಲ್ಕನೆಯದು. ಮೂರನೆಯದು ಒಂದು ದಿನ, ನಾಲ್ಕನೆಯದು ಒಂದೂವರೆ ದಿನ. ಆ ಹೊತ್ತಿನಲ್ಲಿ ಹುಳುಗಳ ಸೊಪ್ಪಿನ ಹಾಸಿಗೆಯ ಮೇಲೆ ಸುಣ್ಣ ಉದುರಿಸಿ ನಾವೂ ಸುಮ್ಮನೆ ಇರುತ್ತೇವೆ. ಹುಳುಮನೆಯೊಳಗೆ ಸೂಜಿ ಬಿದ್ದರೂ ಕೇಳುತ್ತದೆ.

ಹಾಗೆ ಅವನ ಕಲಾಜೀವನ ನಡೆದದ್ದು ಹುಳುಗಳ ಪಂಚಾಂಗದಲ್ಲಿ. ಒಂದು ಬೆಳೆಗೆ ಎರಡು ಜ್ವರ, ಎರಡು ಜ್ವರಕ್ಕೆ ಅರ್ಧ ಹಾಡು. “ಅತ್ಗೆ, ಯಾವತ್ತು ಕೂತ್ಕತ್ತವೆ?” ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ. ಮಾವನವರು ಅದನ್ನು ಕೇಳಿ, ಎಳೆಯವನಿಗೆ ಕಸುಬಿನ ಮೇಲೆ ಎಷ್ಟು ಆಸಕ್ತಿ ನೋಡು ಎಂದು ನಮ್ಮ ಯಜಮಾನರಿಗೆ ಬುದ್ಧಿ ಹೇಳಿದರು.

ದೊಡ್ಡಮಳೂರಿನಲ್ಲಿ ಅವನಿಗೊಬ್ಬ ಗೆಳೆಯನಿದ್ದ. ಲ್ಯಾಪ್‌ಟಾಪಿನಲ್ಲಿ ತಾಳ ಕೂಡಿಸುವುದು, ಧ್ವನಿ ಜೋಡಿಸುವುದು, ಇಂಟರ್‌ನೆಟ್ಟಿಗೆ ಏರಿಸುವುದು ಎಲ್ಲ ಅವನ ಪಾಲು. ಅಲ್ಲಿಯವರೆಗೆ ಫೋನಿನಲ್ಲೇ ಕೆಲಸ ನಡೆಸಿದ್ದರು. ಆರನೆಯ ಹಾಡಿನ ಹೊತ್ತಿಗೆ ಗೆಳೆಯ ಒಂದು ಮೈಕು ಕೊಂಡು, ತಾನೇ ಬಂದು ರೆಕಾರ್ಡ್ ಮಾಡುತ್ತೇನೆಂದು ಬಂದ. ನಾಲ್ಕನೇ ಜ್ವರದ ಬೆಳಗ್ಗೆ. ನಾನು ಒಳಗೆ ಸುಣ್ಣ ಉದುರಿಸುತ್ತಿದ್ದೆ. ಮೈದುನ ಮೊದಲೇ ಮೈಕು ಇಸಿದುಕೊಂಡು ಒಳಗೆ ಬಂದು, ಫೋನಿಗೆ ಸಿಕ್ಕಿಸಿ ಚಾಲೂ ಮಾಡಿ ಕೈ ಕಟ್ಟಿಕೊಂಡು ನಿಂತಿದ್ದ. ಅಷ್ಟರಲ್ಲಿ ಗಮ್ಮೆಂದು ಸೆಂಟಿನ ವಾಸನೆ. ತಿರುಗಿ ನೋಡಿದರೆ ಈ ಪುಣ್ಯಾತ್ಮ ಕಾಲೂ ತೊಳೆಯದೆ, ಹೊಸ ಶರ್ಟು ಹಾಕಿಕೊಂಡು, ಲ್ಯಾಪ್‌ಟಾಪು ತಬ್ಬಿಕೊಂಡು ಹುಳುಗಳ ಮಧ್ಯೆ ನಿಂತಿದ್ದಾನೆ.

ಆಮೇಲೆ ನನ್ನ ಬಾಯಿಂದ ಬಂದದ್ದು ಇದು:

ಸೆಂಟ್ ಹಾಕ್ಕೊಂಡ್ ಬಂದವ್ನೆ, ಸಂತೆಗ್ ಬಂದಂಗ್ ಬಂದವ್ನೆ,
ಕಾಲ್ ತೊಳ್ದಿಲ್ಲ, ಕೈ ತೊಳ್ದಿಲ್ಲ, ಕಣ್ ಬುಟ್ಕೊಂಡ್ ನಿಂತವ್ನೆ!
ಹೊರಕ್ ನಡಿ, ಹೊರಕ್ ನಡಿ, ಹೊಸ್ಲು ದಾಟಿ ಹೊರಕ್ ನಡಿ,
ನಿನ್ ಘಮಲಿಗ್ ಸಾಯಕ್ಕಲ್ಲ ಇವು ಹುಟ್ಟಿರೋದು, ಹೊರಕ್ ನಡಿ!

ಇದರ ಮುಂದೆಯೂ ಬೇಕಾದಷ್ಟು ಬಂತು, ಅದನ್ನು ಇಲ್ಲಿ ಬರೆಯಲಾರೆ. ಗೆಳೆಯ ಹೊಸಿಲು ದಾಟಿ, ಅಂಗಳ ದಾಟಿ, ತೋಟವನ್ನೂ ದಾಟಿ ರಸ್ತೆಯಲ್ಲಿ ಹೋಗಿ ನಿಂತ. ಮೈದುನ ಮಾತ್ರ ಕೈ ಕಟ್ಟಿಕೊಂಡು ನಿಂತಲ್ಲೇ ಇದ್ದ. ಕಣ್ಣು ಅಗಲವಾಗಿತ್ತು. “ಅತ್ಗೆ, ರೆಕಾರ್ಡ್ ಆನಾಗಿತ್ತು,” ಅಂದ.

ಅವನು ಅಂದು ಮಾಡಬೇಕಿದ್ದ ಹಾಡು ಬಿಟ್ಟುಬಿಟ್ಟ. ನನ್ನ ಬೈಗುಳವನ್ನು ನೂರು ಸಲ ಹಾಕಿಕೊಂಡು ಕೇಳಿದ. ಎಲ್ಲಿ ಉಸಿರು ಎಳೆದೆ, ಎಲ್ಲಿ ಒತ್ತಿ ಹೇಳಿದೆ ಎಂದು ಗೆರೆ ಹಾಕಿ ಬರೆದುಕೊಂಡ. ಎರಡನೆಯ ಭಾಗವನ್ನು ಅವನೇ ಬರೆದ. ಅದರಲ್ಲಿ ಸೆಂಟು ಹಾಕಿಕೊಂಡು ದೊಡ್ಡ ಕಾರಿನಲ್ಲಿ ಬಂದು, ಕಾಲಿನ ಮಣ್ಣು ಒರೆಸಿಕೊಳ್ಳುತ್ತಲೇ ತೋಟ ಅಳೆದು ಸೈಟು ಮಾಡುವವರು ಬರುತ್ತಾರೆ. ಚೆನ್ನಾಗಿ ಬರೆದಿದ್ದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮುಂದಿನ ಬೆಳೆಯ ಜ್ವರದವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಹುಳುಗಳು ತಿನ್ನಲು ಶುರುಮಾಡಿದ ಮೂರನೆಯ ದಿನವೇ, ಆಗಿದ್ದಾಗಲಿ ಎಂದು ಅದೇ ಸದ್ದಿನಲ್ಲಿ ರೆಕಾರ್ಡ್ ಮಾಡಿಬಿಟ್ಟ. ಹತ್ತು ಹಾಡಿನಲ್ಲಿ ಮಳೆಯ ಸದ್ದು ಇರುವುದು ಇದೊಂದರಲ್ಲೇ.

ಇದೊಂದೇ ಹಾಡು ಹಾರಿತು. ಆಟೋದವರು ಹಾಕಿಕೊಂಡರು, ಟ್ರ್ಯಾಕ್ಟರಿನವರು ಹಾಕಿಕೊಂಡರು, ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ತುಂಬಿ ಕೊಟ್ಟರು. ಕನಕಪುರದ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ಕರೆದರು. ಟವೆಲ್ ಸುತ್ತಿಕೊಂಡು ಹೋದ, ಹುಡುಗರು ಬೆಂಚು ಹತ್ತಿ ಕುಣಿದರಂತೆ. ಮಾಗಡಿಯಲ್ಲಿ ಗಣೇಶನ ಕೂರಿಸಿದ್ದವರು ಆರ್ಕೆಸ್ಟ್ರಾ ಬರುವುದು ತಡವಾಯಿತೆಂದು ಐದು ನಿಮಿಷ ಕೊಟ್ಟರು. ಅವತ್ತು ನಾನು ತವರಿಗೆ ಹೋಗುವ ನೆಪ ಮಾಡಿ ನೋಡಲು ಹೋಗಿದ್ದೆ. ವೇದಿಕೆಯ ಮೇಲೆ ಅವನು ಅಭ್ಯಾಸಬಲದಿಂದ ಕೈ ಕಟ್ಟಿಕೊಂಡೇ ನಿಂತ. ಮುಂದಿನ ಸಾಲಿನ ಹಿರಿಯರೊಬ್ಬರು, “ಎಷ್ಟು ವಿನಯವಂತ ನೋಡಿ,” ಅಂದರು. ಅವನು ‘ಹೊರಕ್ ನಡಿ’ ಶುರುಮಾಡಿದ್ದೇ ತಡ, ಜನರೆಲ್ಲ ಕೂಡಿ ಹೇಳಿದರು. ನನ್ನ ಮಾತನ್ನು ಅಷ್ಟು ಜನ ಒಟ್ಟಿಗೆ ಹೇಳುವುದನ್ನು ಕೇಳಿ ಮೈ ಜುಮ್ಮೆಂದಿತು. ಪಕ್ಕದಲ್ಲಿ ನಿಂತ ಹೆಂಗಸಿಗೆ, ಇದು ನಾನು ಹೇಳಿದ್ದು ಎಂದು ತೋಳು ಹಿಡಿದು ಹೇಳಬೇಕೆನ್ನಿಸಿತು. ಹೇಳಲಿಲ್ಲ, ಅವನ ಗುಟ್ಟು ಒಡೆದುಹೋಗುತ್ತಿತ್ತು.

ಇಷ್ಟಾದ ಮೇಲೆ ಅವನಿಗೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿತು. ಮದುವೆಯಾಯಿತು, ಟವೆಲ್ಲು ಮುಖದಿಂದ ಹೆಗಲಿಗೆ ಬಂತು. ಯಾರೂ ಬೇಡವೆನ್ನಲಿಲ್ಲ, ಅವನಿಗೇ ಬಿಡುವಿರಲಿಲ್ಲ. ದೊಡ್ಡಮಳೂರಿನ ಗೆಳೆಯ ಫೋನ್ ನಂಬರು ಬದಲಾಯಿಸಿ, ಹಳೆಯ ಪಾಸ್‌ವರ್ಡ್ ಮರೆತದ್ದರಿಂದ, ಇಂಟರ್‌ನೆಟ್ಟಿನಲ್ಲಿ ಹಾಡುಗಳನ್ನು ಇಟ್ಟಿದ್ದ ಖಾತೆಯೇ ಮುಚ್ಚಿಹೋಯಿತು. ಲ್ಯಾಪ್‌ಟಾಪು ಕೆಟ್ಟಿತು. ನನ್ನ ಮೂಲ ಬೈಗುಳ ಇದ್ದ ಮೈದುನನ ಫೋನು ಕೆರೆ ಏರಿಯ ಮೇಲೆ ಜೇಬಿನಿಂದ ಜಾರಿ ನೀರು ಸೇರಿತು. ಕೊನೆಗೆ ಹತ್ತು ಹಾಡೂ ಉಳಿದದ್ದು ನನ್ನ ಹಳೆಯ ಫೋನಿನ ಮೆಮೊರಿ ಕಾರ್ಡಿನಲ್ಲಿ ಮಾತ್ರ. ನಾನೇನೂ ಮುಂದಾಲೋಚನೆಯಿಂದ ಇಟ್ಟುಕೊಂಡವಳಲ್ಲ. ಸೊಪ್ಪು ಕತ್ತರಿಸುವಾಗ ಹಾಕಿಕೊಂಡು ಕೇಳುತ್ತಿದ್ದೆ, ಅಷ್ಟೆ.

ಹೋದ ವರ್ಷ ಬೆಂಗಳೂರಿನಿಂದ ಇಬ್ಬರು ಬಂದರು, ಒಬ್ಬ ಗಡ್ಡದವನು, ಒಬ್ಬಳು ಹುಡುಗಿ. ಹೆಸರಿಲ್ಲದೆ ಹಾಡಿ ಮರೆಯಾದ ಕನ್ನಡ ರ‍್ಯಾಪರುಗಳ ಹಾಡು ಹುಡುಕಿ, ಒಟ್ಟಿಗೆ ಸೇರಿಸಿ, ಒಂದು ಆಲ್ಬಂ ಮಾಡುತ್ತಾರಂತೆ. ಹಾಡಿನ ಜೊತೆ ಪುಸ್ತಕ, ಪುಸ್ತಕದಲ್ಲಿ ಪ್ರತಿ ಹಾಡಿನ ಚರಿತ್ರೆ. ಕನಕಪುರದ ಒಬ್ಬ ಆಟೋದವನ ಬಳಿ ‘ಹೊರಕ್ ನಡಿ’ಯ ಒಂದು ತುಣುಕು ಸಿಕ್ಕಿ, ಅವನಿಂದ ಇವನಿಗೆ, ಇವನಿಂದ ಇನ್ನೊಬ್ಬನಿಗೆ ಕೇಳುತ್ತ ಕೇಳುತ್ತ ನಮ್ಮ ಮನೆ ಹುಡುಕಿದ್ದರು. ಮೈದುನನ ಮುಖ ನೋಡಬೇಕಿತ್ತು. ಮದುವೆಯ ದಿನವೂ ಅವನು ಅಷ್ಟು ಬೀಗಿರಲಿಲ್ಲ. ನಾನು ಓಡಿ ಹೋಗಿ ಹಳೆಯ ಫೋನು ತಂದುಕೊಟ್ಟೆ. ಹತ್ತೂ ಹಾಡು ಕೇಳಿಬಂದಾಗ ಹುಡುಗಿ ಚಪ್ಪಾಳೆ ತಟ್ಟಿದಳು.

ನಾನು ಟೀ ತರಲು ಒಳಗೆ ಹೋದೆ. ತಟ್ಟೆ ಹಿಡಿದು ವಾಪಸು ಬರುವ ಹೊತ್ತಿಗೆ ಗಡ್ಡದವನು ಒಂದು ಫಾರಂ ತುಂಬುತ್ತಿದ್ದ. ಹಾಡಿನ ಹೆಸರು, ಹಾಡಿದವರು, ರೆಕಾರ್ಡ್ ಮಾಡಿದ ಜಾಗ.

“ಸಾಹಿತ್ಯ ಯಾರದು ಸರ್?”

“ನಂದೇ,” ಅಂದ ಮೈದುನ.

ನಾನು ಅವನ ಎದುರಿಗೇ ನಿಂತಿದ್ದೆ. ಲೋಟ ಕೊಟ್ಟೆ, ತೆಗೆದುಕೊಂಡ, ನನ್ನ ಮುಖ ನೋಡಲಿಲ್ಲ.

ನನಗೆ ಹೊಟ್ಟೆ ಉರಿದುಹೋಯಿತು. ಇದನ್ನು ಮುಚ್ಚಿಟ್ಟು ದೊಡ್ಡವಳಾಗುವ ಆಸೆ ನನಗಿಲ್ಲ. ಹುಳುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಯಜಮಾನರು ಹಿಂದೆಯೇ ಬಂದರು. ಕಾಲು ತೊಳೆದುಕೊಂಡೇ ಬಂದರು ಎನ್ನುವುದನ್ನು ಅಳುವಿನ ನಡುವೆಯೂ ಗಮನಿಸಿದೆ.

“ಬೈಗುಳುಕ್ಕೂ ಹೆಸ್ರು ಬೇಕೇನಮ್ಮಿ?” ಅಂದರು. ತಮಾಷೆ ಮಾಡಿ ನಗಿಸಲು ಹೇಳಿದ್ದು, ಆದರೆ ನನಗೆ ನಗು ಬರಲಿಲ್ಲ.

“ಬೇಕು,” ಅಂದೆ. “ಇಷ್ಟು ವರ್ಷ ಹುಳ ಸಾಕಿದೀನಿ. ಮಾರ್ಕೆಟ್ಟಲ್ಲಿ ಲಾಟು ಹಾಕುವಾಗ ಚೀಟಿ ಮೇಲೆ ಮೊದ್ಲು ಮಾವನ ಹೆಸ್ರು, ಈಗ ನಿಮ್ಮ ಹೆಸ್ರು. ಗೂಡು ಚೆನ್ನಾಗೈತೆ ಅಂತ ಶಹಬ್ಬಾಸು ಹೇಳೋದು ನಿಮ್ಗೆ. ನಾನು ಒಂದಿನ ಕೇಳಿದ್ನಾ? ಮನೆ ಅಂದ್ಮೇಲೆ ಹಂಗೇ ಅಂತ ಸುಮ್ನಿದ್ದೆ. ಇದು ನನ್ನ ಬಾಯಿಂದ ಬಂದ ಮಾತು. ಇದ್ರಲ್ಲಿ ಮನೇದು ಅಂತ ಏನೂ ಇಲ್ಲ.”

ಯಜಮಾನರು ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡಿ ಹೊರಗೆ ಹಾಕಿಬಂದರು. ಅವರಿಗೆ ಸಮಾಧಾನದ ಮಾತು ಬರುವುದಿಲ್ಲ, ಕೆಲಸ ಬರುತ್ತದೆ.

ಒಂದು ವಾರ ಮೈದುನನ ಜೊತೆ ಮಾತು ಬಿಟ್ಟೆ. ನಾನು ಮಾತಾಡದಿದ್ದರೆ ಮನೆಯಲ್ಲಿ ಎಲ್ಲರಿಗೂ ಭಯವಾಗುತ್ತದೆ. ಎಂಟನೆಯ ದಿನ ಡ್ಯೂಟಿ ಮುಗಿಸಿ ಬಂದವನು ಯೂನಿಫಾರಮ್ಮಿನಲ್ಲೇ ಹುಳುಮನೆಯ ಬಾಗಿಲಲ್ಲಿ ನಿಂತ.

“ಅತ್ಗೆ, ಬೈದ್ಬುಡು. ಹಿಂಗ್ ಸುಮ್ಕಿರ್ಬ್ಯಾಡ.”

“ಬೈದ್ರೆ ಅದ್ನೂ ನಿಂದೇ ಅಂತೀಯ.”

ಅವನು ತಲೆ ತಗ್ಗಿಸಿದ. “ಹತ್ತು ಹಾಡ್ ಮಾಡಿದೀನಿ ಅತ್ಗೆ. ಒಂಬತ್ತು ಯಾರ್‌ಗೂ ಗೊತ್ತಿಲ್ಲ. ಜನಕ್ಕೆ ಗೊತ್ತಿರೋದು ಅದೊಂದೇ. ಅದ್ರಲ್ಲೂ ಅವ್ರು ಕೂಡಿ ಹೇಳೋದು ಮೊದಲ್ನೇ ನಾಕು ಸಾಲೇ. ಅದ್ನೂ ನಿಂದು ಅಂದ್ಬುಟ್ರೆ ನಂದು ಅಂತ ಏನೈತೆ?”

ನನ್ನ ಕೋಪಕ್ಕೆ ಇದ್ದ ಬಲವೇ ಹೋಯಿತು. ಇವನು ಕದ್ದವನ ಹಾಗೆ ಮಾತಾಡಿದ್ದರೆ ಜಗಳ ಆಡಬಹುದಿತ್ತು. ಆದರೆ ಇಬ್ಬರಿಗೂ ಬೇಕಾಗಿದ್ದು ಅದೇ ನಾಲ್ಕು ಸಾಲು, ಇಬ್ಬರಿಗೂ ಬೇರೆ ಇರಲಿಲ್ಲ. “ಹೋಗು, ಊಟ ಮಾಡೋಗು,” ಅಂದೆ. ಬಿಟ್ಟುಕೊಟ್ಟೆ ಎಂದು ಅವನು ತಿಳಿದುಕೊಂಡ. ನಾನೂ ಹಾಗೇ ತಿಳಿದುಕೊಳ್ಳಲು ನೋಡಿದೆ, ಆಗಲಿಲ್ಲ. ಒಗ್ಗರಣೆ ಹಾಕುವಾಗ, ಸೊಪ್ಪು ಕುಯ್ಯುವಾಗ, ಎಮ್ಮೆ ಕಟ್ಟುವಾಗ ಅದೇ ‘ನಂದೇ’ ಕಿವಿಯಲ್ಲಿ ಕೂತಿತ್ತು.

ಅತ್ತ ಬೆಂಗಳೂರಿನವರಿಗೆ ಬೇರೆ ತಾಪತ್ರಯ. ಹಳೆಯ ರೆಕಾರ್ಡಿಂಗಿನಿಂದ ಹುಳುವಿನ ಸದ್ದು ತೆಗೆಯಲು ಹೋದರೆ ಕಂಪ್ಯೂಟರು ಅದರ ಜೊತೆಗೇ ಅವನ ‘ಸ’, ‘ಶ’, ‘ಚ’ ಎಲ್ಲ ತಿಂದುಹಾಕಿತಂತೆ. ‘ಸೆಂಟು’ ‘ಎಂಟು’ ಆಯಿತು, ‘ಸಂತೆ’ ‘ಅಂತೆ’ ಆಯಿತು. ಹಳೆಯದನ್ನು ಇದ್ದ ಹಾಗೇ ಇಡೋಣ, ಜೊತೆಗೆ ಹೊಸದಾಗಿ ಇನ್ನೊಮ್ಮೆ ಹಾಡಿಸೋಣ ಎಂದು ತೀರ್ಮಾನಿಸಿ ಅವನನ್ನು ಕರೆಸಿದರು. ರಜೆ ಹಾಕಿ, ಇಸ್ತ್ರಿ ಶರ್ಟು ಹಾಕಿಕೊಂಡು ಹೋದ. ಹೋಗುವಾಗ ನನಗೆ ಹೇಳಿಯೇ ಹೋದ. ಒಳ್ಳೆದಾಗಲಿ ಅಂದೆ, ನಿಜವಾಗಿಯೂ ಅಂದೆ.

ಅವತ್ತು ಹನ್ನೊಂದು ಗಂಟೆಯ ಸುಮಾರಿಗೆ ನಾನು ಇಬ್ಬರು ಕೂಲಿ ಹೆಂಗಸರ ಜೊತೆ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. ಫೋನು ಬಂತು.

“ಅತ್ಗೆ, ಬತ್ತಾ ಇಲ್ಲ.”

“ಏನು?”

“ಬಾಯಲ್ಲಿ ಬತ್ತಾ ಇಲ್ಲ. ಬೆಳಿಗ್ಗೆಯಿಂದ ಇಪ್ಪತ್ ಸಲ ಹೇಳ್ದೆ. ಸಿಟ್ಟೇ ಇಲ್ಲ ಅಂತವ್ರೆ.”

ಹಿಂದಿನಿಂದ ಗಡ್ಡದವನ ಧ್ವನಿ ಕೇಳಿತು. “ಟಿಕೆಟ್ ಕೇಳಿದ ಹಾಗಿದೆ ಮೇಡಂ.”

ನನಗೆ ನಗು ಬಂತು. ಬರದೆ ಇನ್ನೇನು? ಆರು ವರ್ಷದಿಂದ ಅವನು ದಿನವಿಡೀ ಜನಕ್ಕೆ ಹೇಳುತ್ತಿರುವುದು ‘ಒಳಕ್ ನಡೀರಿ, ಒಳಕ್ ನಡೀರಿ’ ಎಂದು. ಒಂದೇ ಬೆಳಗ್ಗೆಗೆ ‘ಹೊರಕ್ ನಡಿ’ ಎಲ್ಲಿಂದ ಬರಬೇಕು?

“ಒಸಿ ಬೈಯ್ ಅತ್ಗೆ. ಆವತ್ತು ಬೈದಂಗೆ ಬೈಯಿ. ಸ್ಪೀಕರ್‌ಗೆ ಹಾಕಿವ್ನಿ. ಕೇಳುಸ್ಕೊಂಡು ಹಂಗೇ ಹಿಡ್ಕತೀನಿ.”

ನಗು ಅಲ್ಲಿಗೇ ನಿಂತಿತು. ಮತ್ತೆ ನನ್ನ ಬಾಯಿಯೇ ಬೇಕು, ಮತ್ತೆ ಹಿಡಿದುಕೊಂಡು ಹೋಗುವುದೇ. ಕುಡುಗೋಲು ನೆಲಕ್ಕೆ ಹಾಕಿದೆ.

“ಬೈಯ್ಬೇಕಾ? ಕೇಳುಸ್ಕೊ ಹಂಗಾರೆ,” ಅಂದೆ. “ನನ್ ಹುಳುಮನೇಲಿ ನಿಂತ್ಕೊಂಡು, ನನ್ ಬಾಯಿನ್ ಮಾತು ಎತ್ಕೊಂಡು, ಊರಿಗೆಲ್ಲ ಹಂಚ್‌ಬುಟ್ಟು ಬಂದೆ. ಹಂಚ್ಕೊ, ಬ್ಯಾಡ ಅಂದ್ನಾ? ಯಾರ್ದು ಅಂತ ಕೇಳ್ದಾಗ ಎದುರ್ಗೇ ನಿಂತಿದ್ನಲ್ಲೋ! ಟೀ ತಟ್ಟೆ ಹಿಡ್ಕೊಂಡು ನಿಂತಿದ್ನಲ್ಲೋ! ಲೋಟ ಕಾಣ್ತು ನಿಂಗೆ, ನಾನ್ ಕಾಣ್ಲಿಲ್ವಾ? ಸೊಪ್ಪು ತಂದೋಳು ನಾನು, ಹುಳ ಸಾಕ್ದೋಳು ನಾನು, ಬಾಯ್ ಬುಟ್ಟು ಬೈದೋಳೂ ನಾನು, ಬರ್ಕೊಳಕ್ ಮಾತ್ರ ನೀನಾ? ಒಂಬತ್ ಹಾಡು ನಿಂದು, ನಾನ್ ಕೇಳಿದ್ನಾ? ಅರ್ಧ ಹಾಡು ನಿಂದು, ನಾನ್ ಕೇಳಿದ್ನಾ? ನಾಕ್ ಸಾಲು ನಂದು ಅಂದ್ರೆ ನಿನ್ ಗಂಟೇನ್ ಹೋಯ್ತದೋ? ನಂಗೂ ಒಂದು ಇರ್ಲಿ ಅಂತ ಅನ್ನುಸ್ಲಿಲ್ವೇನೋ ನಿಂಗೆ?”

ಉಸಿರು ತೆಗೆದುಕೊಂಡು ನೋಡಿದರೆ ಕೂಲಿ ಹೆಂಗಸರಿಬ್ಬರೂ ಸೊಪ್ಪು ಕೈಯಲ್ಲೇ ಹಿಡಿದು ನಿಂತಿದ್ದರು.

ಆಮೇಲೆ ಮೈದುನನ ಮಾತು ಕೇಳಿಸಿತು. ನನಗೆ ಹೇಳಿದ್ದಲ್ಲ, ಅಲ್ಲಿದ್ದವರಿಗೆ.

“ಕೇಳುಸ್ಕೊಂಡ್ರಾ? ಇವ್ರೇ ಬರ್ದಿದ್ದು. ಮೊದಲ್ನೇ ಭಾಗ ಪೂರ್ತಿ ನಮ್ಮತ್ಗೇದು, ಎರಡ್ನೇದು ನಂದು. ನಾನು ಆವತ್ತು ಸುಳ್ ಹೇಳ್ದೆ. ತಿದ್ಕೊಳ್ಳಿ.”

ಅವತ್ತು ಆಮೇಲೆ ಅವನು ಒಂದೇ ಸಲಕ್ಕೆ ಹಾಡಿ ಮುಗಿಸಿದನಂತೆ, ಅದೂ ಕೈ ಕಟ್ಟಿಕೊಂಡೇ. ಅದನ್ನು ಸಂಜೆ ಮನೆಗೆ ಬಂದು ಅವನೇ ಹೇಳಿದ. ಆದರೆ ಆ ಹೊತ್ತಿನಲ್ಲಿ ನನಗೆ ಅದು ಯಾವುದೂ ಗೊತ್ತಿಲ್ಲ. ತೋಟದಲ್ಲಿ ಫೋನು ಕಿವಿಗಿಟ್ಟುಕೊಂಡು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ನಿಂತಿದ್ದೆ. ಫೋನು ಕೈ ಬದಲಾಯಿತು. ನಮ್ಮ ಮನೆಗೆ ಬಂದು ಚಪ್ಪಾಳೆ ತಟ್ಟಿದ್ದ ಹುಡುಗಿ.

“ಅಕ್ಕ, ಫಾರಂ ನನ್ನ ಕೈಯಲ್ಲೇ ಇದೆ. ನಿಮ್ಮ ಹೆಸರು ಹೇಳಿ, ಬರೆದುಕೊಳ್ತೀನಿ.”

ಈ ಊರಿಗೆ ಬಂದ ಮೇಲೆ ನಾನು ಅತ್ತಿಗೆ, ಅಮ್ಮಿ, ದೊಡ್ಡ ಸೊಸೆ, ಹುಳುಮನೆಯಮ್ಮ. ಹೆಸರು ಹೇಳಿ ಎಂದರೆ ಒಂದು ಕ್ಷಣ ನಾಲಿಗೆ ತಡವರಿಸಿತು. ಸೆರಗು ಸರಿಮಾಡಿಕೊಂಡೆ. ಇನಿಷಿಯಲ್ಲು ಸಮೇತ, ಬಿ.ಎ. ಸರ್ಟಿಫಿಕೇಟಿನಲ್ಲಿ ಇರುವಂತೆ, ನಿಧಾನವಾಗಿ ಹೇಳಿದೆ. ಬರೆದುಕೊಂಡದ್ದನ್ನು ಓದು ಅಂದೆ, ಓದಿದಳು. ಸರಿಯಾಗಿಯೇ ಇತ್ತು. ಆದರೂ ಇನ್ನೊಂದು ಸಲ ಓದಿಸಿ ಕೇಳಿಸಿಕೊಂಡೆ.